ಮಾರ್ಜ್‌ಳ ಹೊಟ್ಟೆಯಲ್ಲಿದ್ದ ಮರಿ

ಸೋಮವಾರ ಬೆಳಗ್ಗೆ ಏಳೂವರೆಗೆ ಮ್ಯೂಸಿಯಂ ಬಾಗಿಲು ತೆಗೆದವಳು ನಾನೇ. ದೀಪ ಹಾಕಿದೆ. ಚಹಾಕ್ಕೆ ನೀರಿಟ್ಟೆ. ಆಮೇಲೆ ತಿರುಗಿ ನೋಡಿದೆ. ದೊಡ್ಡ ಮಾರ್ಜ್‌ಳ ಹೊಟ್ಟೆ ಖಾಲಿಯಾಗಿತ್ತು.

ಮಾರ್ಜ್ ನಮ್ಮೂರಿನ ಇಕ್ತಿಯೋಸಾರ್. ಹತ್ತು ಕೋಟಿ ವರ್ಷಗಳ ಹಿಂದೆ ಈ ಬಯಲೆಲ್ಲ ಸಮುದ್ರವಾಗಿದ್ದಾಗ ಇಲ್ಲಿ ಈಜಿಕೊಂಡಿದ್ದವಳು. ಡಾಲ್ಫಿನ್ ಆಕಾರದ ಸರೀಸೃಪ. ಉಸಿರಿಗೆ ನೀರಿನ ಮೇಲೆ ಬರಬೇಕು, ಹೆರುವುದು ಮಾತ್ರ ನೀರಿನಲ್ಲೇ. ಆರು ಮೀಟರ್ ಉದ್ದದ ಅವಳ ಪಕ್ಕೆಲುಬುಗಳ ನಡುವೆ ತೋಳುದ್ದದ ಒಂದು ಮರಿ, ಇನ್ನೂ ಹುಟ್ಟದ್ದು, ಮುದುಡಿ ಮಲಗಿತ್ತು. ಜನ ಸಾವಿರ ಕಿಲೋಮೀಟರ್ ಕಾರು ಓಡಿಸಿಕೊಂಡು ಟಾಲ್ಬಟ್ ಕ್ರಾಸಿಂಗ್‌ಗೆ ಬರುತ್ತಿದ್ದುದು ಆ ಮರಿಯನ್ನು ನೋಡಲು. ಈಗ ಅದರ ಜಾಗದಲ್ಲಿ ಒಂದು ಗುಂಡಿ.

ಪೆಟ್ಟಿಗೆಯ ಗಾಜಿನ ಮುಚ್ಚಳ ಗೋಡೆಗೆ ಒರಗಿತ್ತು. ಗಾಜು ಒಡೆದಿರಲಿಲ್ಲ. ಬೀಗ ಮುರಿದಿರಲಿಲ್ಲ. ನಾನು ಮೊದಲು ಡಗಲ್‌ಗೆ ಫೋನ್ ಮಾಡಿದೆ, ಆಮೇಲೆ ಪೊಲೀಸರಿಗೆ.

ಡಗಲ್ ಹೈಂಡ್ ಈ ಮ್ಯೂಸಿಯಂ ಕಟ್ಟಿದವನು. ಮಾರ್ಜ್‌ಳನ್ನು ನೆಲದಿಂದ ಎತ್ತಿದವನು, ಕಲ್ಲು ಬಿಡಿಸಿದವನು, ಹೆಸರಿಟ್ಟವನು. ಕುರಿಯುಣ್ಣೆ ವಿಂಗಡಿಸುತ್ತಿದ್ದ ನನ್ನಂಥವಳ ಕೈಗೆ ಬ್ರಷ್ಷು, ಉಳಿ ಕೊಟ್ಟು ಈ ಕೆಲಸ ಕಲಿಸಿದವನೂ ಅವನೇ. ಎಪ್ಪತ್ತು ದಾಟಿದ್ದರೂ ಗಟ್ಟಿ ಆಳು. ಐದು ನಿಮಿಷದಲ್ಲಿ ಬಂದ. ಗುಂಡಿ ನೋಡಿ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟ. ನಾನು ಅವನ ಬೆನ್ನು ಸವರಿದೆ.

"ಬೀಗದ ಕೈ ಯಾರ್ಯಾರ ಹತ್ರ ಇದೆ?" ಸೀನಿಯರ್ ಕಾನ್‌ಸ್ಟೆಬಲ್ ಬ್ರಿಡ್ ನೂನನ್ ಕೇಳಿದಳು. ಅವಳು ಊರಿಗೆ ಬಂದು ಎಂಟು ತಿಂಗಳಾಗಿತ್ತು. ನಮ್ಮನ್ನೆಲ್ಲ ಇನ್ನೂ ಅನುಮಾನದಿಂದಲೇ ನೋಡುತ್ತಿದ್ದಳು.

"ನಂದೊಂದು, ಡಗಲ್‌ದೊಂದು. ಇನ್ನೊಂದು ಪಬ್ಬಿನ ಮೊಳೆಗೆ ನೇತಾಕಿದೆ."

"ಪಬ್ಬಲ್ಲಾ?"

"ರಜಾ ದಿನ ಟೂರಿಸ್ಟ್ ಯಾರಾದ್ರೂ ಬಂದ್ರೆ ಬೇಕಲ್ಲ."

"ಅಂದ್ರೆ ಇಡೀ ಊರಿನ ಹತ್ರ ಇದೆ. ಭೇಷ್."

ಶನಿವಾರ ನಾಲ್ಕು ಗಂಟೆಗೆ ನಾನು ಬೀಗ ಹಾಕಿದ್ದೆ. ಬೇಸಿಗೆಯಲ್ಲಿ ಭಾನುವಾರ ತೆಗೆಯುವುದಿಲ್ಲ. ಕಳವು ಆ ನಡುವೆ ಆಗಿರಬೇಕು. ಸಮಯವೂ ನೋಡಿ ಹೇಗಿತ್ತು: ಆ ಸೋಮವಾರವೇ ಬ್ರಿಸ್ಬೇನ್‌ನ ತಜ್ಞೆ ಡಾ. ವೆಸೆಲ್ಸ್ ಮಾರ್ಜ್‌ಳ ಹೊಟ್ಟೆಯ ಭಾಗವನ್ನು ಸ್ಕ್ಯಾನ್ ಮಾಡಿಸಲು ಟೌನ್ಸ್‌ವಿಲ್‌ಗೆ ಒಯ್ಯುವವಳಿದ್ದಳು. ಲಾರಿ ಆಗಲೇ ಬಾಗಿಲಲ್ಲಿ ನಿಂತಿತ್ತು.

ಡಗಲ್ ಮೂಗೊರೆಸಿಕೊಂಡು ನನ್ನ ಮುಖ ನೋಡಿದ. "ಹೇಳ್ಬಾರ್ದು ಅನ್ಕೊಂಡಿದ್ದೆ, ಎನಿಡ್. ಕ್ಲೆಮ್ ಬಂದಿದಾನೆ."



"ಕ್ಲೆಮ್ ಯಾರು?" ನೂನನ್ ಕೇಳಿದಳು.

"ನನ್ನ ತಮ್ಮ," ಎಂದೆ. ಹತ್ತೊಂಬತ್ತು ವರ್ಷಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಶನಿವಾರ ಕತ್ತಲಾಗೋ ಹೊತ್ತಿಗೆ ನೋಡ್ದೆ," ಡಗಲ್ ಮುಂದುವರಿಸಿದ. "ಅವನ ಪಿಕಪ್ ಹಿಂದಿನ ಬಾಗಿಲಲ್ಲಿತ್ತು. ಏನೋ ಭಾರದ್ದನ್ನ ಎರಡೂ ಕೈಲಿ ತಬ್ಕೊಂಡು ಎತ್ತಿ ಗಾಡಿಗೆ ಇಟ್ಟ. ಕೂಗಿ ಕರೀಬೇಕಿತ್ತು. ನಿನ್ನ ಮುಖ ನೆನಪಾಯ್ತು ಮಾರಾಯ್ತಿ, ಸುಮ್ನಾದೆ."

* * *

ಹಳೆಯ ಕಥೆ ಇಷ್ಟು. ಹತ್ತೊಂಬತ್ತು ವರ್ಷಗಳ ಹಿಂದೆ ನಮ್ಮ ಜಮೀನಿನ ಕಾಲುವೆ ಬದಿಯಲ್ಲಿ ನನಗೆ ಒಂದು ಪುಟ್ಟ ಇಕ್ತಿಯೋಸಾರ್ ಸಿಕ್ಕಿತ್ತು. ಈಜುಗೈಯ ತುದಿ, ನಾಲ್ಕು ಬೆನ್ನುಮಣಿ ಹೊರಗೆ, ಉಳಿದದ್ದೆಲ್ಲ ಕಲ್ಲಿನೊಳಗೆ. ನನ್ನ ಬದುಕಿನ ಮೊದಲ ದೊಡ್ಡ ಪತ್ತೆ. ಡಗಲ್‌ನ ಶೆಡ್ಡಿನಲ್ಲಿಟ್ಟಿದ್ದೆ. ಹದಿನೈದೇ ದಿನದಲ್ಲಿ ಮಾಯವಾಯಿತು.

ಕ್ಲೆಮ್ ಆಗ ಕುಡಿಯುತ್ತಿದ್ದ. ಹಿಂದೊಮ್ಮೆ ನನ್ನ ಒಂದು ಶಂಖದ ಪಳೆಯುಳಿಕೆಯನ್ನು ಬಿಯರಿಗೆ ಮಾರಿಯೂ ಇದ್ದ. ಅವನು ಚೀಲ ಹೊತ್ತು ಶೆಡ್ಡಿನಿಂದ ಹೋದದ್ದನ್ನು ಡಗಲ್ ನೋಡಿದ್ದೇನೆಂದ. ಕ್ಲೆಮ್ ಇಲ್ಲವೆಂದ. ಅಳುತ್ತಾ ಇಲ್ಲವೆಂದ. ನಾನು ಅವನ ಹಾಸಿಗೆ ಸುತ್ತಿ ಅಂಗಳಕ್ಕೆ ಎಸೆದೆ. ಅವನು ಉತ್ತರದ ಕರಾವಳಿಗೆ ಹೋಗಿ ಸೀಗಡಿ ದೋಣಿ ಸೇರಿದನಂತೆ. ಆ ಕಡೆಯಿಂದ ಬಂದ ಎರಡು ಕಾಗದಗಳನ್ನು ನಾನು ಒಡೆಯಲಿಲ್ಲ.

ಮೂರು ತಿಂಗಳ ನಂತರ, ತೊಂಬತ್ತು ಕಿಲೋಮೀಟರ್ ದೂರದ ಗ್ಲೆನ್‌ಮೊಯ್ರಾ ಜಮೀನಿನಲ್ಲಿ ಡಗಲ್‌ಗೆ ಮಾರ್ಜ್ ಸಿಕ್ಕಳು. "ನಿನ್ನ ಮರಿ ಹೋದ್ರೇನು, ಊರಿಗೊಂದು ಬಸುರಿ ತಾಯಿ ಸಿಕ್ಲು," ಎಂದಿದ್ದ. ನಾನು ಸಮಾಧಾನ ಮಾಡಿಕೊಂಡಿದ್ದೆ.

* * *

ಮಧ್ಯಾಹ್ನ ನೂನನ್ ಕ್ಲೆಮ್‌ನನ್ನು ಠಾಣೆಗೆ ಕರೆತಂದಳು. ನಾನು ಬೈಯಲೆಂದೇ ಹೋದೆ. ಮಾತೆಲ್ಲ ದಾರಿಯಲ್ಲೇ ಜೋಡಿಸಿಕೊಂಡಿದ್ದೆ.

ಅವನು ತಲೆ ಬಗ್ಗಿಸಿ ಚಹಾ ಕುಡಿಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಏನಕ್ಕ," ಎಂದ. "ದಪ್ಪಗಾಗಿದೀಯ."

"ಎಲ್ಲಿಟ್ಟಿದೀಯ ಹೇಳು."

"ಏನನ್ನ?"

"ನಾಟ್ಕ ಆಡ್ಬೇಡ ಕ್ಲೆಮ್. ಎರಡೂ ಕೈಲಿ ತಬ್ಕೊಂಡು ಗಾಡಿಗೆ ಹಾಕಿದ್ದನ್ನ ಡಗಲ್ ಕಣ್ಣಾರೆ ನೋಡಿದಾನೆ."

ಕ್ಲೆಮ್ ನಕ್ಕ. ಖುಷಿಯ ನಗುವಲ್ಲ. ಎಡಗೈಯಿಂದ ಲೋಟ ಕೆಳಗಿಟ್ಟು, ಅದೇ ಕೈಯಿಂದ ಬಲತೋಳನ್ನು ಎತ್ತಿ ಮೇಜಿನ ಮೇಲೆ ಇಟ್ಟ. ತೋಳು ಬಿದ್ದಲ್ಲೇ ಬಿದ್ದುಕೊಂಡಿತು. ಒಣಗಿ ಕಡ್ಡಿಯಾಗಿತ್ತು. ಎರಡು ಬೆರಳು ಇರಲೇ ಇಲ್ಲ.

"ಬಲೆ ಎಳೆಯೋ ಯಂತ್ರಕ್ಕೆ ಸಿಕ್ತು. ಹನ್ನೊಂದು ವರ್ಷ ಆಯ್ತು. ಭುಜದಿಂದ ಕೆಳಗಿರೋದು ಬರೀ ಅಲಂಕಾರಕ್ಕೆ. ಅಂಗಿ ಗುಂಡಿ ಹಾಕ್ಕೊಳ್ಳೋಕೆ ಕಾಲು ಗಂಟೆ ಬೇಕು ನಂಗೆ. ಎರಡು ಕೈಲಿ ತಬ್ಕೊಂಡ್ನಂತಾ?"

ನೂನನ್ ಪೆನ್ನು ನಿಲ್ಲಿಸಿದಳು. "ಕಲ್ಲು ಎಷ್ಟು ತೂಕ ಇತ್ತು?"

"ಐವತ್ತು ಕಿಲೋ," ಎಂದೆ. ನನ್ನ ತಮ್ಮನ ತೋಳು ಹೋಗಿ ಹನ್ನೊಂದು ವರ್ಷವಾಗಿತ್ತು. ನನಗೆ ಗೊತ್ತಿರಲಿಲ್ಲ. ಒಡೆಯದ ಕಾಗದಗಳಲ್ಲಿ ಒಂದು ಆಸ್ಪತ್ರೆಯಿಂದ ಬಂದಿತ್ತೆಂಬುದು ಆಗ ನೆನಪಾಯಿತು.

"ಮತ್ತೆ ಯಾಕೆ ಬಂದೆ?"

"ನಿಂಗೆ ಅರವತ್ತೈದು ಆಯ್ತಲ್ಲ. ಒಂದ್ಸಲ ನೋಡ್ಕೊಂಡು ಹೋಗೋಣ ಅಂತ. ಎರಡು ದಿನ ನಿನ್ನ ಮನೆ ಮುಂದೇನೇ ಓಡಾಡ್ದೆ. ಗೇಟು ತೆಗ್ಯೋಕೆ ಧೈರ್ಯ ಬರ್ಲಿಲ್ಲ."

ನೂನನ್ ಅವನನ್ನು ಬಿಟ್ಟಳು, ಊರು ಬಿಡಬಾರದೆಂದು ಹೇಳಿ. ಹೊರಗೆ ಬಂದು ನನ್ನನ್ನು ಕೇಳಿದಳು, "ನಿಮ್ಮ ಡಗಲ್‌ಗೆ ಕಣ್ಣು ಸರಿಯಾಗಿ ಕಾಣುತ್ತಾ?"

"ಮುಸ್ಸಂಜೆ. ಬೇರೆ ಯಾರನ್ನೋ ನೋಡಿರ್ಬೇಕು," ಎಂದೆ. ಅಷ್ಟು ಬೇಗ ಅವನ ಪರ ವಹಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

* * *

ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ. ಮರುದಿನ ಆಸಿಡ್ ಶೆಡ್ಡಿಗೆ ಹೋಗಿ ಕೆಲಸ ಹಿಡಿದೆ.

ನಮ್ಮ ಕೆಲಸ ಹೀಗೆ. ಸುಣ್ಣಗಲ್ಲನ್ನು ನೀರು ಬೆರೆಸಿದ ವಿನೆಗರ್ ಆಸಿಡ್‌ನಲ್ಲಿ ಮುಳುಗಿಸಿಡುತ್ತೇವೆ. ಕಲ್ಲು ಕರಗುತ್ತದೆ, ಮೂಳೆ ಉಳಿಯುತ್ತದೆ. ತಳದ ಗಸಿಯನ್ನು ಎಸೆಯುವುದಿಲ್ಲ. ಹೆಂಗಸರ ನೈಲಾನ್ ಸ್ಟಾಕಿಂಗ್‌ನಲ್ಲಿ ಸೋಸಿ, ಒಣಗಿಸಿ, ಸೀಸೆಗೆ ತುಂಬಿ ಚೀಟಿ ಅಂಟಿಸುತ್ತೇವೆ. ಒಂದು ಹಲ್ಲೂ ಚರಂಡಿಗೆ ಹೋಗಬಾರದು. ಇದು ಡಗಲ್ ಹಾಕಿಕೊಟ್ಟ ನಿಯಮ. ಅಂಗಡಿಯಲ್ಲಿ ನಾನು ಡಜನ್‌ಗಟ್ಟಲೆ ಸ್ಟಾಕಿಂಗ್ ಕೊಳ್ಳುವುದನ್ನು ನೋಡಿ ಊರವರು, "ಎನಿಡ್‌ಗೆ ಎಷ್ಟು ಕಾಲಿದೆ?" ಎಂದು ಆಡಿಕೊಳ್ಳುತ್ತಾರೆ.

ಆಸಿಡ್ ಡ್ರಮ್ಮಿನ ಮುಚ್ಚಳ ತೆಗೆದೆ. ಕಳೆದ ವಾರ ತುಂಬಿದ್ದ ಡ್ರಮ್ಮು. ಈಗ ಅರ್ಧವೂ ಇರಲಿಲ್ಲ.

"ಎನಿಡ್, ಸ್ವಲ್ಪ ಬರ್ತೀರಾ?" ಡಾ. ವೆಸೆಲ್ಸ್ ಮಾರ್ಜ್‌ಳ ಹತ್ತಿರದಿಂದ ಕೂಗಿದಳು. ಟಾರ್ಚು ಹಿಡಿದು ಗುಂಡಿಯೊಳಗೆ ಬಗ್ಗಿದ್ದಳು. "ಕಳ್ಳ ಕಲ್ಲು ಕಿತ್ರೆ ಹೆಂಗೆ ಕೀಳ್ತಾನೆ?"

"ಹಾರೆ ಹಾಕಿ ಮೀಟ್ತಾನೆ. ಪಕ್ಕೆಲುಬೆಲ್ಲ ಪುಡಿಯಾಗುತ್ತೆ."

"ಇಲ್ಲಿ ಒಂದು ಎಲುಬೂ ಮುರಿದಿಲ್ಲ. ಅಂಟು ಕರಗಿಸಿ, ಅಂಟಿಸಿದ ಗೆರೆ ಹಿಡಿದು ಬಿಡಿಸಿದಾರೆ. ಗೆರೆ ಎಲ್ಲಿದೆ ಅಂತ ಅವ್ರಿಗೆ ಮೊದ್ಲೇ ಗೊತ್ತಿತ್ತು. ಈಗ ತಳ ಮುಟ್ಟಿ ನೋಡಿ."

ಮುಟ್ಟಿದೆ. ಬೆಳ್ಳಗೆ, ನುಣ್ಣಗೆ. ಪ್ಲಾಸ್ಟರ್.

ತನ್ನದೇ ಕಲ್ಲಿನಲ್ಲಿ ಮಲಗಿದ ಮೂಳೆಯ ಕೆಳಗೆ ಕಲ್ಲಿರುತ್ತದೆ. ಪ್ಲಾಸ್ಟರ್ ಇರುವುದು ಯಾರಾದರೂ ಸುರಿದಿದ್ದರೆ ಮಾತ್ರ.

"ಸ್ಕ್ಯಾನಲ್ಲಿ ಇದು ಎರಡೇ ನಿಮಿಷಕ್ಕೆ ಕಾಣ್ತಿತ್ತು," ವೆಸೆಲ್ಸ್ ಹೇಳಿದಳು. "ಮಾರ್ಜ್ ನಿಜ. ಅವಳ ದವಡೇಲಿ ಕಚ್ಚಿದ ಗಾಯ ವಾಸಿಯಾಗಿದೆ ನೋಡಿ, ಕಚ್ಚಿಸ್ಕೊಂಡ ಮೇಲೂ ವರ್ಷಗಟ್ಲೆ ಬದುಕಿದಾಳೆ. ಆದ್ರೆ ಮರಿ ಬಗ್ಗೆ ನಂಗೆ ಮೊದ್ಲಿಂದ ಅನುಮಾನ. ಬರೀ ಫೋಟೋ ನೋಡಿ ಹೇಳೋಕಾಗಲ್ಲ. ಹಲ್ಲು ಸವೆದಿದ್ಯಾ, ಅದರ ಹೊಟ್ಟೇಲಿ ಏನಾದ್ರೂ ಇದ್ಯಾ, ಅದನ್ನ ನೋಡ್ಬೇಕಿತ್ತು. ಮಾರ್ಜ್‌ಳನ್ನ ಕಲ್ಲಿಂದ ಬಿಡಿಸಿದ್ದು ಯಾರು?"

"ಡಗಲ್."

"ಜೊತೆಗೆ?"

"ಯಾರೂ ಇಲ್ಲ. ಮುಗಿಯೋವರ್ಗೂ ನನ್ನನ್ನೂ ಒಳಗೆ ಬಿಡ್ಲಿಲ್ಲ. ಆಶ್ಚರ್ಯ ಆಗ್ಲಿ ಅಂತಿದ್ದ."

ವೆಸೆಲ್ಸ್ ಟಾರ್ಚು ಆರಿಸಿದಳು. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಮೂವತ್ತು ವರ್ಷದ ಸ್ನೇಹಿತನನ್ನು ಒಂದು ಹಿಡಿ ಪ್ಲಾಸ್ಟರಿಗೆ ಬಿಟ್ಟುಕೊಡುವುದು ಹೇಗೆ? ತಮ್ಮನನ್ನು ಅದಕ್ಕಿಂತ ಕಡಿಮೆಗೆ ಬಿಟ್ಟುಕೊಟ್ಟಿದ್ದೆ ಎಂಬುದು ಆ ಹೊತ್ತಿಗೆ ತಲೆಗೆ ಬರಲಿಲ್ಲ.

* * *

ಗುರುವಾರ ಹತ್ತು ಗಂಟೆಯ ಚಹಾ ಡಗಲ್‌ನ ಮನೆಯಲ್ಲಿ. ಮೂವತ್ತು ವರ್ಷದಿಂದ ತಪ್ಪಿಲ್ಲ. ಆ ಗುರುವಾರವೂ ಹೋದೆ. ಅವನ ಬಾಯಿಂದಲೇ ಒಂದು ಒಳ್ಳೆಯ ಕಾರಣ ಕೇಳಿಬಿಡಬೇಕೆಂದು ಆಸೆ.

ಅವನು ಕುಂಬಳಕಾಯಿ ಬನ್ನಿಗೆ ಬೆಣ್ಣೆ ಹಚ್ಚುತ್ತಿದ್ದ. "ಬಾ ಬಾ. ಮುಖ ಯಾಕೆ ಹಂಗೆ ಹುಳ್ಳಗಿದೆ?"

"ಕ್ಲೆಮ್‌ಗೆ ಬಲಗೈ ಸ್ವಾಧೀನವೇ ಇಲ್ಲ, ಡಗಲ್."

ಚಾಕು ಒಂದು ಕ್ಷಣ ನಿಂತಿತು. ಮತ್ತೆ ಬೆಣ್ಣೆ ಹಚ್ಚತೊಡಗಿತು. "ಹೌದಾ? ಪಾಪ. ಹಂಗಾದ್ರೆ ಜೊತೇಲಿ ಯಾರೋ ಇದ್ರು ಅಂತಾಯ್ತು."

ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಬಿಸಿಗಾಳಿ ಬೀಸುತ್ತಿತ್ತು. ಬಟ್ಟೆ ಹಗ್ಗದ ಮೇಲೆ ಎರಡು ಅಂಗಿ, ಒಂದು ಟವಲು. ಅವುಗಳಾಚೆ ಮೂರು ನೈಲಾನ್ ಸ್ಟಾಕಿಂಗ್‌ಗಳು ಹಾರಾಡುತ್ತಿದ್ದವು.

ಮದುವೆಯಾಗದ ಗಂಡಸಿನ ಹಿತ್ತಲಲ್ಲಿ ಹೆಂಗಸರ ಸ್ಟಾಕಿಂಗ್! ಊರಿನ ಬೇರೆ ಯಾರೇ ನೋಡಿದ್ದರೂ ಸಂಜೆಯೊಳಗೆ ಪಬ್ಬಿನಲ್ಲಿ ಅವನಿಗೆ ಮದುವೆ ಮಾಡಿಸಿಬಿಡುತ್ತಿದ್ದರು. ನಾನು ನೋಡಿದ್ದು ಅವುಗಳ ಪಾದದ ತುದಿಗೆ ಹಿಡಿದಿದ್ದ ಕಂದು ಕಲೆಯನ್ನು. ಗಾಳಿಯ ಜೊತೆ ವಿನೆಗರ್ ವಾಸನೆಯೂ ಬಂತು. ನಮ್ಮ ಶೆಡ್ಡಿನ ಸೌಮ್ಯ ವಾಸನೆಯಲ್ಲ, ಕಣ್ಣು ಉರಿಯುವಷ್ಟು ಘಾಟು. ಅಷ್ಟು ಗಟ್ಟಿ ಆಸಿಡ್ ಹಾಕಿದರೆ ಮೂಳೆಯೂ ಕೆಡುತ್ತದೆ. ಕಲ್ಲು ಬೇಗ ಕರಗಬೇಕು, ಮೂಳೆ ಹಾಳಾದರೂ ಸರಿ ಎನ್ನುವವನು ಮಾತ್ರ ಹಾಗೆ ಹಾಕುತ್ತಾನೆ.

ಚಹಾ ಪೂರ್ತಿ ಕುಡಿದೆ. ಬನ್ನು ಚೆನ್ನಾಗಿದೆ ಎಂದೆ. ಸುಳ್ಳಾಡುವುದು ಅಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿಂದ ನೇರ ಠಾಣೆಗೆ ಗಾಡಿ ಓಡಿಸಿದೆ.

* * *

ಎರಡು ಗಂಟೆಗೆ ನೂನನ್ ಶೋಧನಾ ಆದೇಶ ಹಿಡಿದು ಡಗಲ್‌ನ ಹಿತ್ತಲಿಗೆ ನುಗ್ಗಿದಳು. ವೆಸೆಲ್ಸ್ ಮತ್ತು ನಾನು ಹಿಂದೆ. ನೀರಿನ ಟ್ಯಾಂಕಿನ ಪಕ್ಕದ ತಗಡಿನ ಗೂಡಿನಲ್ಲಿ ಒಂದು ಕೈಗಾಡಿ, ಒಂದು ಸ್ನಾನದ ತೊಟ್ಟಿ. ಅದರಲ್ಲಿ ಮರಿ. ಅರ್ಧ ಕಲ್ಲು ಕರಗಿತ್ತು, ಬೆನ್ನುಮಣಿಗಳು ಬಿಡಿಬಿಡಿಯಾಗಿ ತಳಕ್ಕೆ ಬಿದ್ದಿದ್ದವು. ಪಕ್ಕದ ಹಲಗೆಯ ಮೇಲೆ ನಾಲ್ಕು ಸೀಸೆ. ಪ್ರತಿಯೊಂದಕ್ಕೂ ಚೀಟಿ, ಚೀಟಿಯಲ್ಲಿ ಡಗಲ್‌ನ ದುಂಡು ಅಕ್ಷರದಲ್ಲಿ ತಾರೀಖು.

"ಇದೆಂಥ ಕಳ್ಳ ಕಣ್ರೀ," ನೂನನ್ ತಲೆ ಕೆರೆದುಕೊಂಡಳು. "ಸಾಕ್ಷಿ ನಾಶ ಮಾಡ್ತಾ ಮಾಡ್ತಾ ಚೀಟಿ ಅಂಟಿಸಿ ಇಟ್ಟಿದಾನಲ್ಲ!"

"ಬಿಸಾಕೋಕೆ ಅವನ ಕೈಲಿ ಆಗಲ್ಲ," ಎಂದೆ. "ನಲವತ್ತು ವರ್ಷದ ಅಭ್ಯಾಸ."

ಡಗಲ್ ಅಡುಗೆಮನೆಯ ಮೆಟ್ಟಿಲಲ್ಲಿ ನಿಂತಿದ್ದ. ಓಡಲಿಲ್ಲ. ನಾನು ಒಂದು ಸೀಸೆಯನ್ನು ಅಂಗೈಗೆ ಸುರಿದುಕೊಂಡೆ.

"ನೂನನ್, ಇಲ್ಲಿ ನೋಡಿ. ಮೀನಿನ ಹುರುಪೆ, ತೌಡಿನ ಹಾಗೆ ತುಂಬಿದೆ. ಇಂಥ ಕಲ್ಲು ಗ್ಲೆನ್‌ಮೊಯ್ರಾದಲ್ಲಿಲ್ಲ. ಅಲ್ಲಿಯ ಕಲ್ಲು ಕರಗಿಸಿದ್ರೆ ಬರೀ ಚಿಪ್ಪಿನ ಚೂರು ಬರುತ್ತೆ. ಇದು ನನ್ನ ಕಾಲುವೆ ಬದಿಯ ಕಲ್ಲು. ಇಪ್ಪತ್ತು ವರ್ಷ ಅದನ್ನೇ ಸೋಸಿದೀನಿ, ಕತ್ತಲಲ್ಲಿ ಮುಟ್ಟಿದ್ರೂ ಗೊತ್ತಾಗುತ್ತೆ. ಕ್ಲೆಮ್ ಕದ್ದ ಅಂದ್ಯಲ್ಲ ಡಗಲ್, ಆ ಮರಿ ಇದೇ. ನೀನೇ ಕದ್ದು, ಮಾರ್ಜ್‌ಳ ಹೊಟ್ಟೆ ಕೊರೆದು, ಪ್ಲಾಸ್ಟರ್ ಸುರಿದು ಕೂರಿಸ್ದೆ. ಸ್ಕ್ಯಾನ್ ಆಗುತ್ತೆ ಅಂದಾಗ ನಡುಕ ಹುಟ್ಟಿತು. ಅಷ್ಟರಲ್ಲಿ ಕ್ಲೆಮ್ ಊರಿಗೆ ಬಂದ. ನಿಂಗೆ ಇನ್ನೇನು ಬೇಕಿತ್ತು? ಶನಿವಾರ ಸಂಜೆ ಕೈಗಾಡೀಲಿ ಮರೀನ ಮನೆಗೆ ತಂದೆ, ಸೋಮವಾರ ಅವನ ಹೆಸರು ಹೇಳ್ದೆ. ಅವನ ಕೈ ಹೋಗಿರೋದು ಮಾತ್ರ ನಿಂಗೆ ಗೊತ್ತಿರ್ಲಿಲ್ಲ."

ವೆಸೆಲ್ಸ್ ತೊಟ್ಟಿಯ ಪಕ್ಕ ಮಂಡಿಯೂರಿದ್ದಳು. ಕೈಗವಸು ಹಾಕಿಕೊಂಡು ಮರಿಯ ದವಡೆಯನ್ನು ಎತ್ತಿದಳು. "ಹಲ್ಲಿನ ತುದಿಗಳೆಲ್ಲ ಸವೆದಿವೆ. ಹುಟ್ಟದ ಮರಿಗೆ ಹಲ್ಲು ಸವೆಯೋಕೆ ಸಾಧ್ಯವೇ ಇಲ್ಲ." ಪಕ್ಕೆಯ ಒಳಗಿಂದ ಉಗುರಿನಷ್ಟೇ ಅಗಲದ ಚಪ್ಪಟೆ ಮೂಳೆಗಳನ್ನು ತೆಗೆದಳು. "ಆಮೆ ಮರಿ. ಆಗಷ್ಟೇ ಮೊಟ್ಟೆಯೊಡೆದು ಬಂದದ್ದು. ಇದರ ಕೊನೇ ಊಟ."

ನಾನು ಆ ಚೂರುಗಳನ್ನೇ ನೋಡುತ್ತ ನಿಂತೆ. ಇಷ್ಟೂ ವರ್ಷ ಶಾಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಪಾಪ, ಇದು ಒಂದೇ ಒಂದು ಸಲವೂ ಉಸಿರಾಡಲಿಲ್ಲ" ಎಂದು ಹೇಳಿದವಳು ನಾನು. ಅದು ಹುಟ್ಟಿತ್ತು. ಬಿಸಿಲಿಗೆ ಮೇಲೆ ಬಂದು ಉಸಿರೆಳೆದಿತ್ತು. ಹಲ್ಲು ಸವೆಯುವಷ್ಟು ದಿನ ಬೇಟೆಯಾಡಿತ್ತು, ಹೊಟ್ಟೆ ತುಂಬ ತಿಂದಿತ್ತು. ಅದರ ಬದುಕನ್ನೂ ಡಗಲ್ ಇಲ್ಲವೆನಿಸಿಬಿಟ್ಟಿದ್ದ.

"ಊರು ಸಾಯ್ತಿತ್ತು ಎನಿಡ್," ಡಗಲ್ ಕೊನೆಗೆ ಬಾಯಿಬಿಟ್ಟ. "ಉಣ್ಣೆ ಹೋಯ್ತು. ರೈಲು ಹೋಯ್ತು. ಬರೀ ಒಂದು ಇಕ್ತಿಯೋಸಾರ್ ನೋಡೋಕೆ ಯಾರು ಬರ್ತಾರೆ? ಬಸುರಿ ಅಂದ್ರೆ ಬರ್ತಾರೆ. ಬಂದ್ರಲ್ಲ! ಶಾಲೆ ಉಳೀತು, ಪಬ್ಬು ಉಳೀತು."

"ಕ್ಲೆಮ್?"

"ಅವನು ಹೆಂಗಿದ್ರೂ ಊರು ಬಿಡೋನೇ ಆಗಿದ್ದ. ಕುಡುಕ. ನಿಂಗೂ ಸಾಕಾಗಿತ್ತು."

"ನಂಗೆ ಸಾಕಾಗಿತ್ತು ಅಂತ ನಿಂಗೆ ಯಾರು ಹೇಳಿದ್ದು? ಅವತ್ತು ರಾತ್ರಿ ನಾನು ಈ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಪಕ್ಕದಲ್ಲಿ ಕೂತು ಕರವಸ್ತ್ರ ಕೊಟ್ಟೆ ನೀನು. ಕೊಡೋವಾಗ ಆ ಮರಿ ನಿನ್ನ ಮಂಚದ ಕೆಳಗಿತ್ತಾ?"

ಅವನು ನೆಲ ನೋಡಿದ. ಉತ್ತರ ಸಿಕ್ಕಿತು. ಮೂವತ್ತು ವರ್ಷದ ಪ್ರತಿ ಗುರುವಾರವೂ ನನ್ನ ಕಣ್ಣೆದುರೇ ಕೊಳೆತುಹೋಯಿತು. ನೂನನ್ ಅವನ ತೋಳು ಹಿಡಿದು ಗಾಡಿಯ ಕಡೆ ನಡೆಸಿದಳು.

* * *

ತಾನು ಇಳಿದುಕೊಂಡಿದ್ದ ಕ್ಯಾರವಾನ್ ಬಿಡಾರದಲ್ಲಿ ಕ್ಲೆಮ್ ಸಾಮಾನು ಕಟ್ಟುತ್ತಿದ್ದ. ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಗಂಟು ಹಾಕುತ್ತಿದ್ದ. ಸಹಾಯಕ್ಕೆ ಹೋದೆ. ಬೇಡವೆಂದು ತಲೆಯಾಡಿಸಿದ.

"ಡಗಲ್ ಒಪ್ಕೊಂಡ," ಎಂದೆ. "ಆಗಿನದ್ದೂ ಅವನೇ. ನೀನಲ್ಲ."

"ಗೊತ್ತು. ನಾನು ಕದ್ದಿಲ್ಲ ಅನ್ನೋದು ನಂಗೆ ಮೊದ್ಲಿಂದ್ಲೂ ಗೊತ್ತಲ್ಲ."

"ಮನೆಗೆ ಬಾ, ಕ್ಲೆಮ್. ಊಟ ಮಾಡ್ಕೊಂಡು ಹೋಗು. ಇವತ್ತಾದ್ರೂ ಇರು."

ಅವನು ಗಂಟು ಬಿಗಿದು, ಹಗ್ಗವನ್ನು ಬಾಯಿಂದ ತೆಗೆದ. "ಹೆಂಗೆ ಗೊತ್ತಾಯ್ತು ನಿಂಗೆ?"

ಹೇಳಿದೆ. ಪ್ಲಾಸ್ಟರ್, ಸ್ಟಾಕಿಂಗ್, ಮೀನಿನ ಹುರುಪೆ, ಸವೆದ ಹಲ್ಲು, ಆಮೆ ಮರಿ. ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ. ಚಿಕ್ಕವನಿದ್ದಾಗಲೂ ಹಾಗೇ ಕೇಳುತ್ತಿದ್ದ.

"ಹುಷಾರಿ ನೀನು," ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. "ಅವತ್ತು ನಾನೂ ಹೇಳಿದ್ದೆ ಅಕ್ಕ. ನಾನಲ್ಲ ಅಂತ ನಿನ್ನ ಕಾಲು ಹಿಡ್ಕೊಂಡು ಹೇಳಿದ್ದೆ. ನನ್ನ ಮಾತು ಸಾಲಲಿಲ್ಲ ನಿಂಗೆ. ಹತ್ತು ಕೋಟಿ ವರ್ಷದ ಮೂಳೆ ಬಂದು ಹೇಳ್ಬೇಕಾಯ್ತು."

ಅವನು ಗಾಡಿ ಹತ್ತಿ ಕೂತು, ಎಡಗೈಯನ್ನು ಅಡ್ಡ ಚಾಚಿ ಕೀಲಿ ತಿರುಗಿಸಿದ. ನಾನು ಗಾಡಿಯ ಎದುರಿಗೇ ನಿಂತಿದ್ದೆ. ಅವನು ಹಾರ್ನ್ ಮಾಡಲಿಲ್ಲ, ಕಾದ. ಸ್ವಲ್ಪ ಹೊತ್ತಿನ ಮೇಲೆ ನಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.